ಗೋವಾ ಬೇಡ, ಮಂಗಳೂರು ನಡೀರಿ

ಗಂಗಾವತಿ, ಕುಷ್ಟಗಿ ಕಡೆ ಹೊಸ ಜೋಡಿಗೆ ಎರಡು ದಿನ ರಜೆ ಸಿಕ್ಕರೆ ಬಾಯಿಗೆ ಬರೋ ಮೊದಲ ಹೆಸರು ಗೋವಾ. ನಾನು ಹೆಂಡತಿಗೆ ಹೇಳಿದ್ದು ಮಂಗಳೂರು. ಕಾರಣ ಬೀಚ್ ಅಲ್ಲ ಸ್ವಾಮಿ, 1443ನೇ ಇಸವಿ! ಹೆರಾತಿನ ದೊರೆ ಶಾರುಖ್ (ಸಿನಿಮಾದವನಲ್ಲ, ತೈಮೂರನ ಮಗ) ಕಳಿಸಿದ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಹಡಗಿನಲ್ಲಿ ಬಂದಿಳಿದದ್ದು ಅಲ್ಲೇ. ಘಟ್ಟ ಹತ್ತಿ ತಲುಪಿದ್ದು ಎಲ್ಲಿಗೆ? ನಮ್ಮ ಆನೆಗೊಂದಿಯ ಎದುರು ದಂಡೆಗೆ, ಎರಡನೇ ದೇವರಾಯನ ಆಸ್ಥಾನಕ್ಕೆ.

ಹಂಪಿ ಅಂದ್ರೆ ಬೆಟ್ಟ-ಬಂಡೆ ಅಂತಲೇ ಓದಿಬಿಟ್ವಿ. ಅದರ ಹೆಬ್ಬಾಗಿಲು ಸಮುದ್ರದ ಕಡೆಗಿತ್ತು. ರಾಯರ ಅರಬ್ಬಿ ಕುದುರೆಗಳು ಇಳಿದದ್ದು ಭಟ್ಕಳದಂಥ ಬಂದರುಗಳಲ್ಲಿ. ಆದರೂ ನಮ್ಮವರಿಗೆ ಕರಾವಳಿ ಇನ್ನೂ ಪರದೇಶ!

ಮೊದಲ ದಿನ ಕದ್ರಿ. ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ 968ರ ಶಾಸನವಿದೆ. ಸಂಜೆ ತಣ್ಣೀರುಬಾವಿ, ಮೀನೂಟ, ಇತಿಹಾಸಕ್ಕೂ ರಜೆ. ವಾಪಸ್ ಹೊನ್ನಾವರದ ಮೇಲೆ. ಸ್ವಲ್ಪ ಸುತ್ತು, ನಿಜ. ಆದರೆ ರಜಾಕ್ ಊರಿಗೆ ಹೋಗೋಕೆ ಹಡಗು ಹತ್ತಿದ್ದು ಅಲ್ಲಿಂದಲೇ.