ಮನೆಮುದ್ರಣದ ಕ್ಯಾಸೆಟ್: ಹಾವೇರಿ ಸೀಮೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಆಮೇಲೆ ಹಾವೇರಿ ಜಿಲ್ಲೆಯ ಪಾಲಾದವು. ಉತ್ತರ ಕರ್ನಾಟಕದ ಬೇರೆಡೆಗಳಂತೆ ಈ ಸೀಮೆಯಲ್ಲೂ 1980 ಮತ್ತು 90ರ ದಶಕಗಳಲ್ಲಿ ಭಜನೆ, ತತ್ವಪದ, ಗೀಗೀಪದ, ಬಯಲಾಟಗಳನ್ನು ಜನ ತಮ್ಮ ಟೇಪ್ ರೆಕಾರ್ಡರಿನಲ್ಲೇ ತುಂಬಿಸಿಕೊಂಡು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅದೇ ಕಾಲದಲ್ಲಿ ಜಪಾನ್ ಮತ್ತು ಯುರೋಪಿನಲ್ಲಿ ಕೆಲವರು ಇದೇ ಯಂತ್ರದಿಂದ ಗದ್ದಲವನ್ನೇ ಸಂಗೀತವನ್ನಾಗಿ ಮಾಡುತ್ತಿದ್ದರು. ಹಳ್ಳಿಯ ಟೇಪುಗಳಲ್ಲೂ ಗದ್ದಲಕ್ಕೆ ಬರವಿಲ್ಲ. ಅದು ಕರೆಯದೆ ಬಂದದ್ದು, ಅಷ್ಟೇ.

ಹಿನ್ನೆಲೆ

ಕ್ಯಾಸೆಟ್ಟಿಗೆ ಮೊದಲು ಧ್ವನಿಮುದ್ರಣವೆಂದರೆ ಮುಂಬಯಿಯ ಮಾತು. ಮನೆತನದ ಊರಾದ ಹಾನಗಲ್ಲನ್ನು ಹೆಸರಿನಲ್ಲಿ ಹೊತ್ತ ಗಾಯಕಿ ಗಂಗೂಬಾಯಿ (1913–2009) 1930ರ ದಶಕದಲ್ಲಿ ಎಚ್‌ಎಂವಿ ಕಂಪನಿಗೆ ಹಾಡಿದಾಗ ತಟ್ಟೆಯ ಮೇಲೆ ‘ಗಾಂಧಾರಿ’ ಎಂಬ ಹೆಸರು ಬಂತು. ಕಲಾವಿದೆಯ ಹೆಸರನ್ನೂ ಕಂಪನಿಯೇ ನಿರ್ಧರಿಸುತ್ತಿದ್ದ ಕಾಲ ಅದು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿ (1892–1944), ದೇವಗಿರಿಯ ಪುಟ್ಟರಾಜ ಗವಾಯಿ (1914–2010) ಇಬ್ಬರೂ ಅಂಧರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಕಲಿಸಿದ ವಿದ್ಯೆ ಸಾಗಿದ್ದು ಕಿವಿಯಿಂದ ಕಿವಿಗೆ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಗಿ ಹಾಡು ಮನೆಯೊಳಗೆ ಬಂತಾದರೂ, ಕೇಳಿ ಮುಗಿದ ಹಾಡನ್ನು ಹಿಡಿದಿಡುವ ದಾರಿ ಕೇಳುಗರ ಕೈಯಲ್ಲಿರಲಿಲ್ಲ.

ಫಿಲಿಪ್ಸ್ ಕಂಪನಿಯ ಲೂ ಒಟೆನ್ಸ್ ಮತ್ತು ಸಂಗಡಿಗರು ರೂಪಿಸಿದ ಕ್ಯಾಸೆಟ್ 1963ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಹೊರಬಂತು. ಭಾರತದ ಹಳ್ಳಿಗಳಿಗೆ ಅದು ಮುಟ್ಟಲು ಎರಡು ದಶಕ ಬೇಕಾಯಿತು. ಮುಟ್ಟಿದ ಮೇಲೆ ಮಾತ್ರ ಬೇಗ ಹಬ್ಬಿತು. ರೇಡಿಯೋ ಮತ್ತು ಟೇಪು ಕೂಡಿದ ‘ಟು-ಇನ್-ಒನ್’ ಮದುವೆಯ ಉಡುಗೊರೆಯಾಯಿತು, ಕೊಲ್ಲಿ ದೇಶದಿಂದ ಬಂದವರ ಸಾಮಾನಾಯಿತು. ರೇಡಿಯೋದ ಹಾಡು ತುಂಬಿಸಿಕೊಳ್ಳಲು ಎರಡು ಗುಂಡಿ ಒತ್ತಿದರೆ ಸಾಕು. ತುಂಬಿಸಿದ್ದು ಅಳಿಯದಂತೆ ಕ್ಯಾಸೆಟ್ಟಿನ ಹಿಂಬದಿಯ ಪ್ಲಾಸ್ಟಿಕ್ ಹಲ್ಲು ಮುರಿಯಬೇಕು. ಮನಸ್ಸು ಬದಲಾದರೆ ಆ ತೂತಿಗೆ ಕಾಗದ ತುರುಕಿ ಮತ್ತೆ ತುಂಬಿಸಬಹುದು. ಎಷ್ಟೋ ಭಜನೆಗಳ ಮೇಲೆ ಸಿನಿಮಾ ಹಾಡು ಕೂತದ್ದು ಹೀಗೆ.

ಹಾಡಿಕೆ ಮತ್ತು ಅರ್ಧ ಗಂಟೆ

ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಶರೀಫರ (1819–1889) ಪದಗಳು ಈ ಸೀಮೆಯಲ್ಲಿ ಏಕತಾರಿ, ದಮ್ಮಡಿ, ತಾಳದೊಂದಿಗೆ ರಾತ್ರಿಯಿಡೀ ನಡೆಯುತ್ತವೆ. ಸಿ-60 ಕ್ಯಾಸೆಟ್ಟಿನ ಒಂದು ಮಗ್ಗುಲಲ್ಲಿ ಹಿಡಿಯುವುದು 30 ನಿಮಿಷ, ಸಿ-90ರಲ್ಲಿ 45. ಹಾಡುವವರು ನಿಲ್ಲುವವರಲ್ಲ, ಟೇಪು ಕಾಯುವುದಿಲ್ಲ. ಪದದ ನಟ್ಟನಡುವೆ ‘ಟಕ್’ ಎಂದು ಗುಂಡಿ ಮೇಲೇಳುತ್ತದೆ. ಮಗ್ಗುಲು ಬದಲಿಸುವಷ್ಟರಲ್ಲಿ ಒಂದು ನುಡಿ ಹೋಗಿರುತ್ತದೆ. ಮೊಹರಮ್ಮಿನ ಹೆಜ್ಜೆಮೇಳ, ದೊಡ್ಡಾಟ, ಸಣ್ಣಾಟಗಳನ್ನು ತುಂಬಿಸುವಾಗಲೂ ಇದೇ ಪಾಡು. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನ ಹೀಗೆ ಗುಂಡಿಯ ಮೇಲೆ ಬೆರಳಿಟ್ಟು ಕೂತವನ ಪಾಲಿಗೆ ಬಂತು. ಈ ಸೀಮೆಯ ಹಾಡಿಕೆಯಲ್ಲಿ ಅಂಥದೊಂದು ಸ್ಥಾನ ಅದಕ್ಕೆ ಮೊದಲು ಇರಲಿಲ್ಲ.

ಗದ್ದಲ ಎಲ್ಲಿಂದ

ಅಗ್ಗದ ರೆಕಾರ್ಡರುಗಳಲ್ಲಿ ಧ್ವನಿಮಟ್ಟವನ್ನು ತಾನೇ ಸರಿದೂಗಿಸುವ ವಿದ್ಯುನ್ಮಂಡಲವೊಂದಿತ್ತು. ಜೋರು ಸದ್ದು ಬಂದರೆ ಅದು ಒತ್ತಿಹಿಡಿಯುತ್ತದೆ. ಸದ್ದು ಇಳಿದರೆ ಸಿಕ್ಕದ್ದನ್ನೆಲ್ಲ ಎತ್ತುತ್ತದೆ. ಮಾತು ಹಿಡಿಯಲು ಇದು ಸರಿ. ಹಲಗೆ, ಡೊಳ್ಳಿನ ಮುಂದೆ ಇಟ್ಟರೆ ಮೊದಲ ಪೆಟ್ಟಿಗೇ ಹಾಡುಗಾರನ ದನಿ ಮುಳುಗಿ, ಪೆಟ್ಟು ತಾನೂ ಚಪ್ಪಟೆಯಾಗುತ್ತದೆ. ಹಾರ್ಮೋನಿಯಂ ನಿಂತ ಕ್ಷಣದಲ್ಲಿ ಜೀರುಂಡೆ, ಕೆಮ್ಮು, ಕೂಸಿನ ಅಳು, ದೂರದ ಲಾರಿ ಎಲ್ಲ ಉಬ್ಬಿ ಮುಂದಕ್ಕೆ ಬರುತ್ತವೆ, ಯಜಮಾನ ಎದ್ದು ಹೋದ ಜಗಲಿಗೆ ಬೀದಿಯ ಹುಡುಗರು ನುಗ್ಗಿದ ಹಾಗೆ. ಇದರ ಮೇಲೆ ನಕಲಿನ ಕಾಟ. ಪ್ರತಿ ನಕಲೂ ಹೊಸ ಸುಸ್ಸೆನ್ನುವ ಸದ್ದನ್ನು ಕೂಡಿಸುತ್ತದೆ. ನಾಲ್ಕನೆಯ ಕೈಗೆ ಬರುವ ಹೊತ್ತಿಗೆ ಪದ ಮಂಜಿನೊಳಗಿಂದ ಕೇಳುತ್ತದೆ. ಹೆಚ್ಚು ಹೊತ್ತು ಹಿಡಿಯುತ್ತದೆಂದು ಕೊಂಡ ಸಿ-90ರ ಪಟ್ಟಿ ಸುಮಾರು 12 ಮೈಕ್ರಾನ್ ದಪ್ಪ, ಸಿ-60ರದು 18. ತೆಳು ಪಟ್ಟಿಯಲ್ಲಿ ಒಂದು ಸುತ್ತಿನ ಕಾಂತತೆ ಪಕ್ಕದ ಸುತ್ತಿಗೆ ಇಳಿಯುವುದು ಹೆಚ್ಚು. ಹಾಡು ಶುರುವಾಗುವ ಮೊದಲೇ ಅದರ ನೆರಳು ಕೇಳಿಸುವುದು ಇದರಿಂದಲೇ.

ಟೋಕಿಯೋದ ಮಸಾಮಿ ಅಕಿತ 1979ರಲ್ಲಿ ‘ಮೆರ್ಜ್‌ಬೋ’ ಎಂಬ ಹೆಸರಿನಲ್ಲಿ ಕೆಲಸ ಶುರುಮಾಡಿ, ಇಂಥ ವಿಕೃತಿಗಳನ್ನೇ ಬೇಕೆಂದು ಬೆಳೆಸಿ, ಮನೆಯಲ್ಲಿ ಮಾಡಿದ ಕ್ಯಾಸೆಟ್ಟುಗಳನ್ನು ಅಂಚೆಯಲ್ಲಿ ಹಂಚಿದ. ಭಾರತದಲ್ಲಿ ಹೀಗೆ ಉದ್ದೇಶಪೂರ್ವಕವಾಗಿ ಸದ್ದಿನ ಜತೆ ಆಡಿದ ಮೊದಲಿಗರಲ್ಲಿ ಕೆಲವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿದ್ದರು: 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಮೂಗ್ ಸಿಂಥಸೈಸರ್ ಸ್ಥಾಪಿಸಿದ ಮೇಲೆ ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮೊದಲಾದವರು ಕೆಲವು ವರ್ಷ ದುಡಿದರು. ಆ ಟೇಪುಗಳು ಕಪಾಟಿನಲ್ಲಿದ್ದು 2023ರಲ್ಲಿ ಬೆಳಕು ಕಂಡವು. ಅದು ಸಂಸ್ಥೆಯ ಸ್ಟುಡಿಯೋ. ಮೆರ್ಜ್‌ಬೋನ ಕ್ಯಾಸೆಟ್ಟಿಗೆ ಹಂಚಿಕೆಯ ರೀತಿಯಲ್ಲಾದರೂ ಹೆಚ್ಚು ಹತ್ತಿರವಾದದ್ದು ಹಳ್ಳಿಯ ಭಜನೆಯ ಟೇಪೇ ಎನ್ನಬೇಕು.

ಕಂಪನಿ ಕ್ಯಾಸೆಟ್ ಮತ್ತು ಮುಂದೆ

ಗುಲ್ಶನ್ ಕುಮಾರರ ಟಿ-ಸೀರೀಸ್ ಹಿಂದಿಯಲ್ಲಿ ಎಚ್‌ಎಂವಿಯ ಏಕಸ್ವಾಮ್ಯ ಮುರಿದ ಹೊತ್ತಿಗೆ ಕನ್ನಡದಲ್ಲಿ ಸಂಗೀತಾ, ಲಹರಿ ಕಂಪನಿಗಳು ಬೆಳೆದವು. ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ (1978) ಭಾವಗೀತೆಗೆ ಮಾರುಕಟ್ಟೆ ತೋರಿಸಿತ್ತು. ಸಿ. ಅಶ್ವತ್ಥರ ಶರೀಫ ಗೀತೆಗಳು ಮತ್ತು ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರ, ಶಿಗ್ಗಾವಿಯ ಪದಗಳನ್ನು ಬೆಂಗಳೂರಿನ ವಾದ್ಯಮೇಳದೊಂದಿಗೆ ನಾಡಿಗೆಲ್ಲ ಮುಟ್ಟಿಸಿದವು. ಲಾಭ ದೊಡ್ಡದು, ನಷ್ಟವೂ ಇದೆ: ಊರಿಗೊಂದು ಧಾಟಿಯಿದ್ದ ಪದಕ್ಕೆ ಕ್ಯಾಸೆಟ್ಟಿನ ಧಾಟಿಯೇ ‘ಸರಿಯಾದ’ ಧಾಟಿ ಎಂಬ ಭಾವನೆ ಬೆಳೆಯಿತು. ಬೇರೆ ಧಾಟಿ ಹೇಗಿತ್ತೆಂದು ತಿಳಿಯಲು ಆ ಸುಸ್ಸೆನ್ನುವ ಮನೆಮುದ್ರಣಗಳೇ ಗತಿ.

2000ದ ನಂತರ ಎಂಪಿ3 ಸಿಡಿ, ಅದರ ಹಿಂದೆ ಮೊಬೈಲಿನ ಮೆಮೊರಿ ಕಾರ್ಡ್ ಬಂದವು. ಹಾಡು ತುಂಬಿಸಿಕೊಡುವ ಅಂಗಡಿ ಉಳಿಯಿತು, ಕ್ಯಾಸೆಟ್ ಅಟ್ಟ ಸೇರಿತು. ಅಟ್ಟದ ಸೆಕೆ, ಮಳೆಗಾಲದ ತೇವ ಎರಡೂ ಪಟ್ಟಿಗೆ ವಿಷ. ಬೂಸ್ಟು ಹಿಡಿದು ಸುತ್ತುಗಳು ಅಂಟಿಕೊಳ್ಳುತ್ತವೆ. ಅವನ್ನು ಉಳಿಸುವ ಕೆಲಸಕ್ಕೆ ದೂರ ಹೋಗಬೇಕಿಲ್ಲ: 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲೇ. ಇಂಥ ಟೇಪುಗಳನ್ನು ಡಿಜಿಟಲ್ ರೂಪಕ್ಕೆ ತರುವವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಹಿನ್ನೆಲೆ ಸದ್ದನ್ನು ಸೋಸುವುದು. ಸೋಸದ ಒಂದು ಪ್ರತಿಯನ್ನೂ ಜತೆಗೆ ಇಡುವುದು ಒಳ್ಳೆಯದು. ಯಾವ ಪದಕ್ಕೆ ಮಂದಿ ‘ಹೌದಪ್ಪಾ’ ಎಂದರು, ಯಾವ ಪದಕ್ಕೆ ಎದ್ದು ಹೋದರು ಎಂಬುದು ಕೇಳುವುದು ಅದರಲ್ಲೇ.