ಮೂಗಿನ ಹಿಂದಿನ ರಕ್ತನಾಳದ ಗಡ್ಡೆ: ದಾರಿ ಹುಡುಕಿದವರು, ಬೇರು ಹುಡುಕಿದವರು

ಹರೆಯಕ್ಕೆ ಕಾಲಿಡುತ್ತಿರುವ ಹುಡುಗನಿಗೆ ಒಂದು ಕಡೆಯ ಮೂಗು ಕಟ್ಟುತ್ತಾ ಬರುತ್ತದೆ. ಪೆಟ್ಟು ಬೀಳದೆಯೂ ಮೂಗಿನಿಂದ ರಕ್ತ ಸುರಿಯುತ್ತದೆ, ನಿಲ್ಲುತ್ತದೆ, ಮತ್ತೆ ಸುರಿಯುತ್ತದೆ. ಇದರ ಹಿಂದೆ ಆಂಜಿಯೋಫೈಬ್ರೋಮಾ ಎಂಬ ಗಡ್ಡೆ ಅಡಗಿರಬಹುದು. ತಲೆ ಮತ್ತು ಕುತ್ತಿಗೆಯ ಗಡ್ಡೆಗಳಲ್ಲಿ ಇದರ ಪಾಲು ಶೇ. 0.05ರಿಂದ 0.5ರಷ್ಟು ಎಂಬುದು ವೈದ್ಯಕೀಯ ಬರಹಗಳಲ್ಲಿ ಸಾಮಾನ್ಯವಾಗಿ ಸಿಗುವ ಅಂದಾಜು. ಬಹುತೇಕ ಹುಡುಗರಲ್ಲಿ ಮಾತ್ರ ಕಾಣಿಸುವ ಇದು ಕ್ಯಾನ್ಸರ್ ಅಲ್ಲ. ದೂರದ ಅಂಗಗಳಿಗೆ ಹರಡುವುದಿಲ್ಲ. ಆದರೆ ಮೂಳೆಗಳ ಸಂದಿಗಳಲ್ಲಿ ನುಗ್ಗಿ ಕೆನ್ನೆ, ಕಣ್ಣಿನ ಗೂಡು, ಕೊನೆಗೆ ತಲೆಬುರುಡೆಯ ಒಳಗನ್ನೂ ಮುಟ್ಟಬಲ್ಲದು. ಇದರೊಳಗಿನ ಎಷ್ಟೋ ರಕ್ತನಾಳಗಳ ಗೋಡೆಯಲ್ಲಿ ಸ್ನಾಯುವಿನ ಪದರವೇ ಇರುವುದಿಲ್ಲ. ಕತ್ತರಿಸಿದಾಗ ಅವು ಕುಗ್ಗಿ ಮುಚ್ಚಿಕೊಳ್ಳಲಾರವು. ಅಪಾಯವಿರುವುದು ಅಲ್ಲಿಯೇ.

ಈ ಗಡ್ಡೆಯ ಶಸ್ತ್ರಚಿಕಿತ್ಸೆಯ ಇತಿಹಾಸವನ್ನು ಹೊಸ ಹೊಸ ಛೇದನಗಳ ಪಟ್ಟಿಯಾಗಿ ಹೇಳುವುದು ರೂಢಿ. ನನಗೆ ಅದು ಸಾಲದೆನಿಸುತ್ತದೆ. ಗಡ್ಡೆ ಎಲ್ಲಿ ಬೇರೂರಿದೆ ಎಂದು ಆಯಾ ಕಾಲದವರು ನಂಬಿದ್ದರೋ ಅದರ ಮೇಲೆಯೇ ಚಾಕುವಿನ ದಾರಿ ಬಹುಮಟ್ಟಿಗೆ ನಿಂತಿತ್ತು. ನಂಬಿಕೆ ತಪ್ಪಿದ ಕಡೆ ಗಡ್ಡೆಯ ತುಣುಕು ಒಳಗೇ ಉಳಿಯಿತು, ಮತ್ತೆ ಬೆಳೆಯಿತು.

ಲಂಡನ್ನಿನ ರಾಬರ್ಟ್ ಲಿಸ್ಟನ್ ಮೇಲ್ದವಡೆಯನ್ನೇ ತೆಗೆದು ಇಂಥ ಗಡ್ಡೆಯನ್ನು ಹೊರತಂದ 1841ರ ವರದಿಯನ್ನು ಯಶಸ್ವಿ ಚಿಕಿತ್ಸೆಯ ಮೊದಲ ದಾಖಲೆ ಎಂದು ಎಣಿಸುವವರು ಹೆಚ್ಚು. ಆಗಿನ್ನೂ ಅರಿವಳಿಕೆ ಬಂದಿರಲಿಲ್ಲ. ಅದೇ ಲಿಸ್ಟನ್ ಈಥರ್ ಕೊಟ್ಟು ಕಾಲು ತೆಗೆದದ್ದು 1846ರ ಡಿಸೆಂಬರಿನಲ್ಲಿ. ಎಚ್ಚರವಿದ್ದ ರೋಗಿಯ ಮುಖದ ಮೂಳೆಯನ್ನು ಕೊಯ್ದು, ಸುರಿಯುವ ರಕ್ತದ ನಡುವೆ ಕೈಬೆರಳಿಂದ ಗಡ್ಡೆಯನ್ನು ತಡಕಿ ಬಿಡಿಸುವ ಆ ಕೆಲಸದಲ್ಲಿ ವೇಗವೊಂದೇ ವೈದ್ಯನ ಆಸರೆಯಾಗಿತ್ತು.

ಅರಿವಳಿಕೆ ಬಂದ ಮೇಲೆ ವೈದ್ಯರಿಗೆ ಸಮಯ ಸಿಕ್ಕಿತು, ದಾರಿಗಳೂ ಹೆಚ್ಚಿದವು. ಫ್ರಾನ್ಸಿನ ನೆಲಾಟನ್ ಅಂಗುಳವನ್ನು ಸೀಳಿ ಒಳಹೊಕ್ಕರು. ಜರ್ಮನಿಯ ಲಾಂಗೆನ್‌ಬೆಕ್ ಮೇಲ್ದವಡೆಯ ಮೂಳೆಯನ್ನು ಬಿಸಾಡದೆ, ಸರಿಸಿ, ಕೆಲಸ ಮುಗಿದ ಮೇಲೆ ಮತ್ತೆ ಅದರ ಜಾಗಕ್ಕೆ ಕೂರಿಸುವ ವಿಧಾನವನ್ನು ರೂಪಿಸಿದರು. ಬಾಸ್ಟನ್ನಿನ ಡೇವಿಡ್ ಚೀವರ್ 1867ರಲ್ಲಿ ಮೇಲ್ದವಡೆಯನ್ನು ಅಡ್ಡಲಾಗಿ ಕೊಯ್ದು ಕೆಳಕ್ಕೆ ಇಳಿಸಿದರು. ಮೂಗಿನ ಪಕ್ಕದಲ್ಲಿ ಕೊಯ್ದು ತೆರೆಯುವ ಛೇದನ 20ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮೂರ್ ಅವರ ಹೆಸರಿನೊಂದಿಗೆ ಪ್ರಸಿದ್ಧವಾಯಿತು. ಜೀವ ಉಳಿಸಿದ ದಾರಿಗಳಿವು, ನಿಜ. ಆದರೆ ಇನ್ನೂ ಬೆಳೆಯುತ್ತಿರುವ ಹದಿನಾಲ್ಕರ ಹುಡುಗನ ಮುಖದ ಮೇಲೆ ಕಲೆ ಶಾಶ್ವತವಾಗಿ ಉಳಿಯುತ್ತಿತ್ತು.

ಗಡ್ಡೆ ಹುಟ್ಟುವುದು ಮೂಗು ಮತ್ತು ಗಂಟಲು ಕೂಡುವ ಜಾಗದ ಛಾವಣಿಯಲ್ಲಿ ಎಂದು ಬಹುಕಾಲ ಭಾವಿಸಲಾಗಿತ್ತು. ಹಾಗೆ ನಂಬಿದವರಿಗೆ ಅಂಗುಳದ ಮೂಲಕ ಮೇಲಕ್ಕೆ ಹೋಗುವುದೇ ನೇರ ದಾರಿ. ಈಗ ಬಹುತೇಕರು ಒಪ್ಪುವ ಮೂಲಸ್ಥಾನ ಛಾವಣಿಯಲ್ಲ, ಪಕ್ಕದ ಗೋಡೆ: ಮೂಗಿನೊಳಗಿನ ಹಿಂತುದಿಯಲ್ಲಿರುವ ಸ್ಫೀನೋಪ್ಯಾಲಟೈನ್ ರಂಧ್ರ ಮತ್ತು ಅದರ ಹಿಂದಿನ ಟೆರಿಗಾಯ್ಡ್ ಮೂಳೆಯ ಬುಡ. ಗಡ್ಡೆ ಅಲ್ಲಿಂದ ಒಳಗೆ ಮೂಗಿಗೂ ಹೊರಗೆ ಕೆನ್ನೆಯ ಕಡೆಗೂ ಬೆಳೆಯುತ್ತದೆ. ಅಂಗುಳದ ದಾರಿಯಲ್ಲಿ ಮೂಗಿನ ಭಾಗ ಕೈಗೆ ಸಿಗುತ್ತದೆ, ಕೆನ್ನೆಯ ಭಾಗ ಸಿಗುವುದಿಲ್ಲ. ಅಂಗುಳದ ಛೇದನವನ್ನು ಮೇಲ್ದುಟಿಯ ಒಳಭಾಗಕ್ಕೂ ಮುಂದುವರಿಸುವ ವಿಧಾನ ಈ ಕೊರತೆಗೆ ಉತ್ತರವಾಗಿ ಬಂತು. ನಮ್ಮ ದೇಶದ ಇಎನ್‌ಟಿ ವಿದ್ಯಾರ್ಥಿಗಳು ಅದನ್ನು ಸರ್ದಾನಾ ವಿಧಾನವೆಂದು ಓದುತ್ತಾರೆ.

ಚಾಕುವಿಲ್ಲದೆ ಗುಣಪಡಿಸುವ ಪ್ರಯತ್ನಗಳೂ ನಡೆದವು. ಹರೆಯದ ಹುಡುಗರಲ್ಲೇ ಇದು ಬರುವುದರಿಂದ ಹಾರ್ಮೋನಿನ ಮೇಲೆ ಅನುಮಾನ ಹುಟ್ಟಿ, ಕೆಲವರು ಈಸ್ಟ್ರೋಜನ್ ಕೊಟ್ಟರು. ಹುಡುಗರಿಗೆ ಹೆಣ್ಣಿನ ಹಾರ್ಮೋನು ಕೊಡುವ ಬೆಲೆ ದೊಡ್ಡದಾಗಿತ್ತು, ಫಲ ಅನಿಶ್ಚಿತವಾಗಿತ್ತು. ಟೊರಾಂಟೊದ ಪ್ರಿನ್ಸೆಸ್ ಮಾರ್ಗರೆಟ್ ಆಸ್ಪತ್ರೆಯ ವೈದ್ಯರು 1984ರಲ್ಲಿ ವಿಕಿರಣ ಚಿಕಿತ್ಸೆ ಪಡೆದ 55 ರೋಗಿಗಳ ವಿವರ ಪ್ರಕಟಿಸಿದರು. ಒಂದೇ ಸುತ್ತಿನಲ್ಲಿ ಶೇ. 80ರಷ್ಟು ಮಂದಿಯಲ್ಲಿ ಗಡ್ಡೆ ಹತೋಟಿಗೆ ಬಂದಿತ್ತು. ಅಂಕಿ ಚೆನ್ನಾಗಿದೆ. ಆದರೂ ಕ್ಯಾನ್ಸರ್ ಅಲ್ಲದ ಗಡ್ಡೆಗಾಗಿ ಎಳೆಯ ದೇಹಕ್ಕೆ ವಿಕಿರಣ ಕೊಟ್ಟು, ಮುಂದೆಂದೋ ಕ್ಯಾನ್ಸರ್ ಬರುವ ಸಾಧ್ಯತೆಯನ್ನು ಹೊರಿಸುವುದಕ್ಕೆ ಹಿಂಜರಿದವರು ಸರಿಯಾದದ್ದನ್ನೇ ಮಾಡಿದರು.

ಇತಿಹಾಸದ ನಿಜವಾದ ತಿರುವು ನನ್ನ ಓದಿನಲ್ಲಿ ಶಸ್ತ್ರಚಿಕಿತ್ಸೆಯ ಕೊಠಡಿಯ ಹೊರಗೆ ಸಿಗುತ್ತದೆ. 1965ರಲ್ಲಿ ಹಾಲ್ಮನ್ ಮತ್ತು ಮಿಲ್ಲರ್, ಕೆನ್ನೆಯ ಸೈನಸ್ಸಿನ ಹಿಂಗೋಡೆ ಮುಂದಕ್ಕೆ ಬಾಗಿರುವುದನ್ನು ಎಕ್ಸ್‌ರೇಯಲ್ಲಿ ಗುರುತಿಸಿ ಈ ರೋಗದ ಲಕ್ಷಣವೆಂದು ಹೇಳಿದರು. ಪರೀಕ್ಷೆಗೆಂದು ಗಡ್ಡೆಯ ಚೂರು ಕತ್ತರಿಸಿದರೂ ರಕ್ತ ಧಾರಾಕಾರವಾಗಿ ಹರಿಯುವ ರೋಗದಲ್ಲಿ, ಮುಟ್ಟದೆ ಕಂಡುಹಿಡಿಯುವುದು ಎಷ್ಟು ದೊಡ್ಡ ಉಪಕಾರ! ಮುಂದೆ ಸಿಟಿ, ಆಮೇಲೆ ಎಂಆರ್‌ಐ ಗಡ್ಡೆಯ ಗಡಿಯನ್ನೇ ತೋರಿಸಿದವು. 1972ರಲ್ಲಿ ರಾಬರ್ಸನ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಗೆ ಮುನ್ನವೇ ಮ್ಯಾಕ್ಸಿಲರಿ ಅಪಧಮನಿಯನ್ನು ಒಳಗಿನಿಂದ ಮುಚ್ಚಿದ್ದನ್ನು ವರದಿ ಮಾಡಿದರು. ಎಂಬೋಲೈಸೇಶನ್ ಎಂದು ಕರೆಯುವ ಈ ಕ್ರಮವನ್ನು ಈಗ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಒಂದೆರಡು ದಿನ ಮೊದಲು ಮಾಡುತ್ತಾರೆ. ಗಡ್ಡೆ ಬಿಳಿಚುತ್ತದೆ, ರಕ್ತ ಹರಿಯುವುದು ತಗ್ಗುತ್ತದೆ, ವೈದ್ಯನಿಗೆ ಒಳಗಿನದು ಕಣ್ಣಿಗೆ ಕಾಣುತ್ತದೆ.

ರಕ್ತ ಹತೋಟಿಗೆ ಬಂದದ್ದರಿಂದ ಮುಖವನ್ನು ಉಳಿಸುವ ಯೋಚನೆಗೂ ಅವಕಾಶವಾಯಿತು. 1974ರಲ್ಲಿ ಕ್ಯಾಸನ್ ಮತ್ತು ಜೊತೆಗಾರರು ಮೇಲ್ದುಟಿಯ ಒಳಗಿನಿಂದ ಕೊಯ್ದು ನಡುಮುಖದ ಚರ್ಮವನ್ನು ಮೇಲಕ್ಕೆತ್ತುವ ವಿಧಾನವನ್ನು ವಿವರಿಸಿದರು; ಹೊರಗೆ ಕಲೆ ಬೀಳುವುದಿಲ್ಲ. ತಲೆಬುರುಡೆಯ ತಳಕ್ಕೆ ಹಬ್ಬಿದ ಗಡ್ಡೆಗೆ ಜೂರಿಕ್‌ನ ಉಗೊ ಫಿಶ್ ಕಿವಿಯ ಕಡೆಯಿಂದ ದಾರಿ ಮಾಡಿದರು, ಆ ಕಿವಿಯ ಶ್ರವಣ ಕುಗ್ಗುವ ಬೆಲೆಗೆ. 1996ರಲ್ಲಿ ಕೈರೋದ ರೆದಾ ಕಮೆಲ್ ಎಂಡೋಸ್ಕೋಪ್ ಬಳಸಿ ಮೂಗಿನ ಹೊಳ್ಳೆಯ ಮೂಲಕವೇ ಗಡ್ಡೆ ತೆಗೆದದ್ದನ್ನು ಪ್ರಕಟಿಸಿದರು. ಮುಂದಿನ ದಶಕದಲ್ಲಿ ಇಟಲಿಯ ಬ್ರೆಷಾದ ನಿಕೊಲಾಯ್ ಮತ್ತು ಸಂಗಡಿಗರು ಅದನ್ನು ಇನ್ನೂ ದೊಡ್ಡ ಗಡ್ಡೆಗಳಿಗೆ ವಿಸ್ತರಿಸಿದರು.

ಆದರೂ ಗಡ್ಡೆ ಮರಳುತ್ತಿತ್ತು. ಲಂಡನ್ನಿನ ಹೊವರ್ಡ್, ಲಾಯ್ಡ್ ಮತ್ತು ಲುಂಡ್ 2001ರಲ್ಲಿ ಕೊಟ್ಟ ಉತ್ತರ ಈ ಇಡೀ ಕಥೆಯ ತಿರುಳಿಗೆ ಹತ್ತಿರವಾದದ್ದು. ವಿಡಿಯನ್ ಕಾಲುವೆಯ ಗುಂಟ ಸ್ಫೀನಾಯ್ಡ್ ಮೂಳೆಯ ಮಜ್ಜೆಯೊಳಕ್ಕೆ ಇಳಿದ ಬೇರು ಉಳಿದುಬಿಡುತ್ತದೆ. ಮರುಕಳಿಕೆಯೆಂದು ಕಾಣುವುದು ಬಹುಪಾಲು ಆ ಉಳಿಕೆಯ ಬೆಳವಣಿಗೆ. ಗಡ್ಡೆ ತೆಗೆದ ಮೇಲೆ ಆ ಮೂಳೆಯನ್ನೂ ಡ್ರಿಲ್‌ನಿಂದ ಕೊರೆದು ಚೊಕ್ಕ ಮಾಡಿದಾಗ ಮರುಕಳಿಕೆ ಇಳಿಯಿತು. ಎಂಬೋಲೈಸೇಶನ್‌ನಿಂದ ಗಡ್ಡೆ ಕುಗ್ಗಿದಾಗ ಈ ಬೇರು ಕಣ್ತಪ್ಪಬಹುದೆಂಬ ಎಚ್ಚರಿಕೆಯೂ ಲಂಡನ್ನಿನಿಂದಲೇ ಬಂದಿತ್ತು.

ಪಿಟ್ಸ್‌ಬರ್ಗಿನ ಸ್ನೈಡರ್‌ಮನ್ ತಂಡ 2010ರಲ್ಲಿ ರೂಪಿಸಿದ ಹಂತ ವಿಂಗಡಣೆಯಲ್ಲಿ ಗಡ್ಡೆಯ ಹರವಿನ ಜೊತೆಗೆ ಎಂಬೋಲೈಸೇಶನ್ ಆದ ಮೇಲೂ ಅದಕ್ಕೆ ರಕ್ತ ಹರಿಯುತ್ತಿದೆಯೇ ಎಂಬುದೂ ಸೇರಿತು. ಒಳ ಕೆರೋಟಿಡ್ ಅಪಧಮನಿಯಿಂದ ಬರುವ ರಕ್ತವನ್ನು ಸುಲಭವಾಗಿ ತಡೆಯಲಾಗದು. ಅದು ಮಿದುಳಿನ ಆಹಾರನಾಳ. ದೆಹಲಿಯ ಏಮ್ಸ್‌ನ ಠಾಕರ್ ಮತ್ತು ಸಂಗಡಿಗರು 2011ರಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ಫ್ಲೂಟಮೈಡ್ ಎಂಬ ಹಾರ್ಮೋನು ತಡೆಯುವ ಔಷಧ ಕೊಟ್ಟು ನೋಡಿದರು. ಹರೆಯ ತುಂಬಿದವರಲ್ಲಿ ಗಡ್ಡೆ ಕುಗ್ಗಿತು, ಹರೆಯ ಬಾರದವರಲ್ಲಿ ಹಾಗಾಗಲಿಲ್ಲ. ಹಳೆಯ ಹಾರ್ಮೋನಿನ ಅನುಮಾನ ಹೀಗೆ ಚಾಕುವಿಗೆ ನೆರವಾಗಿ ಮರಳಿತು.

ಕಣ್ಣಿನ ನರಕ್ಕೋ ಕೆರೋಟಿಡ್‌ಗೋ ಅಂಟಿದ ತುಣುಕನ್ನು ಈಗ ಎಷ್ಟೋ ವೈದ್ಯರು ಬಲವಂತದಿಂದ ಕೀಳುವುದಿಲ್ಲ. ಬೇಕೆಂದೇ ಬಿಟ್ಟು, ನಿಗದಿತ ಅವಧಿಗೊಮ್ಮೆ ಎಂಆರ್‌ಐ ಮಾಡಿಸುತ್ತಾರೆ. ಅಂಥ ಕೆಲವು ಉಳಿಕೆಗಳು ಹರೆಯ ದಾಟಿದ ಮೇಲೆ ತಾವಾಗಿಯೇ ಕುಗ್ಗುತ್ತವೆ, ಬೆಳೆಯತೊಡಗಿದವನ್ನು ಮತ್ತೆ ತೆಗೆಯುತ್ತಾರೆ.