ಡಯೋರಾಮಾ: ಪದದ ಚರಿತ್ರೆ

ಡಯೋರಾಮಾ ಎಂಬುದು ಪುಟ್ಟ ಮಾದರಿಗಳನ್ನು ಜೋಡಿಸಿ ಕಟ್ಟಿದ ದೃಶ್ಯಕ್ಕೆ ಹವ್ಯಾಸಿಗಳು ಇಟ್ಟುಕೊಂಡಿರುವ ಹೆಸರು. ಅವರ ಬಾಯಲ್ಲಿ ಇದು ಬರೀ ‘ಡಯೋ’. ಪುಸ್ತಕದ ಕಪಾಟಿನಲ್ಲಿ ಕೂರುವ ಈ ವಸ್ತುವಿನ ಹೆಸರು ಹುಟ್ಟಿದ್ದು ಮಾತ್ರ ನೂರಾರು ಜನ ಸೇರುವ ಪ್ರದರ್ಶನ ಮಂದಿರದಲ್ಲಿ.

ಇದರ ಅಕ್ಕ ‘ಪನೋರಮಾ’. ನೋಡುವವರನ್ನು ಸುತ್ತುವರಿಯುವ ಚಿತ್ರಕ್ಕೆ ಎಡಿನ್‌ಬರೋದ ರಾಬರ್ಟ್ ಬಾರ್ಕರ್ 1787ರಲ್ಲಿ ಪೇಟೆಂಟ್ ಪಡೆದ. ಗ್ರೀಕಿನ ‘ಎಲ್ಲ’, ‘ನೋಟ’ ಎರಡನ್ನೂ ಬೆಸೆದ ಹೆಸರು ಬಂದದ್ದು ಆಮೇಲೆ. ಭಾರಿ ಚಿತ್ರಗಳ ಹುಚ್ಚು ಲಂಡನ್ನಿಗೆ ಎಷ್ಟಿತ್ತೆಂದರೆ, ಟಿಪ್ಪು ಮಡಿದ ಮರುವರ್ಷವೇ, 1800ರಲ್ಲಿ, ಶ್ರೀರಂಗಪಟ್ಟಣದ ಕೋಟೆ ಬಿದ್ದ ದೃಶ್ಯವನ್ನು ರಾಬರ್ಟ್ ಕೆರ್ ಪೋರ್ಟರ್ ಸುಮಾರು 120 ಅಡಿ ಉದ್ದಕ್ಕೆ ಬರೆದು ಅಲ್ಲಿ ಪ್ರದರ್ಶನಕ್ಕಿಟ್ಟ.

ಡಯೋರಾಮಾದಲ್ಲಿರುವ ಗ್ರೀಕಿನ ‘ಡಯಾ’ ಎಂದರೆ ಹಾಯ್ದು. ಹಾಯುತ್ತಿದ್ದುದು ಬೆಳಕು. ಲೂಯಿ ಡಾಗೆರ್ ಮತ್ತು ಶಾರ್ಲ್ ಬುತೋಂ 1822ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ತೆರೆದ ಡಯೋರಾಮಾದಲ್ಲಿ ಸುಮಾರು 22 ಮೀಟರ್ ಅಗಲದ ತೆಳು ಬಟ್ಟೆಯ ಮೇಲೆ ಚಿತ್ರ ಬರೆದಿರುತ್ತಿತ್ತು. ಹಿಂದಿನ ಮತ್ತು ಮೇಲಿನ ಕಿಟಕಿಗಳಿಗೆ ಬಣ್ಣದ ತೆರೆ ಎಳೆದರೆ ಹಗಲು ಇರುಳಾಗುತ್ತಿತ್ತು. ಒಂದು ಚಿತ್ರ ಮುಗಿದರೆ ಜನ ಜಾಗ ಬಿಡಬೇಕಿರಲಿಲ್ಲ, ಅವರಿದ್ದ ಅಂಕಣವೇ ಮತ್ತೊಂದರತ್ತ ತಿರುಗುತ್ತಿತ್ತು. ಬಟ್ಟೆಯ ಎರಡೂ ಬದಿಗೆ ಬರೆದ 1834ರ ಚಿತ್ರವಂತೂ ಮಾಯೆಯೇ: ಖಾಲಿ ಇಗರ್ಜಿ ಮೆಲ್ಲಗೆ ಕತ್ತಲಾಗಿ, ದೀಪ ಹೊತ್ತಿ, ಅದೇ ಕುರ್ಚಿಗಳಲ್ಲಿ ನಡುರಾತ್ರಿಯ ಪೂಜೆಗೆ ಬಂದವರು ಕಾಣಿಸಿಕೊಳ್ಳುತ್ತಿದ್ದರು. ಮಂದಿರ 1839ರ ಮಾರ್ಚಿನಲ್ಲಿ ಸುಟ್ಟುಹೋಯಿತು. ಡಾಗೆರ್‌ನ ಹೆಸರು ಉಳಿದದ್ದು ಅದೇ ವರ್ಷ ಪ್ರಕಟವಾದ ಛಾಯಾಚಿತ್ರ ವಿಧಾನದಿಂದ.

ಪದದ ಬಾಲಕ್ಕೆ ಮಾತ್ರ ಆಗಲೇ ಬೇರೆ ಬದುಕು ಸಿಕ್ಕಿತ್ತು. ಬಾಲ್ಜಾಕ್‌ನ ಕಾದಂಬರಿ ‘ಗೋರಿಯೋ’ದಲ್ಲಿ (1835) ಊಟದ ಮೇಜಿನವರು ಸೂಪಿಗೂ ‘ರಾಮಾ’ ಅಂಟಿಸಿ ನಗುತ್ತಾರೆ. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಇಂಗ್ಲಿಷಿನ ‘ಫ್ಯೂಚರ್’ಗೂ ಅದೇ ಬಾಲ ಬೆಸೆದು ‘ಫ್ಯೂಚುರಾಮಾ’ ಎಂಬ ಪ್ರದರ್ಶನವಾಯಿತು. ನಾರ್ಮನ್ ಬೆಲ್ ಗೆಡ್ಡೆಸ್ ಅದಕ್ಕಾಗಿ ಸುಮಾರು 5 ಲಕ್ಷ ಕಟ್ಟಡಗಳ ಪುಟಾಣಿ ದೇಶವನ್ನೇ ಕಟ್ಟಿಸಿದ.

ಬಟ್ಟೆಯಿಂದ ಗಾಜಿನ ಪೆಟ್ಟಿಗೆಗೆ ಹೆಸರು ಜಾರಿದ್ದು ವಸ್ತುಸಂಗ್ರಹಾಲಯಗಳಲ್ಲಿ. ಪ್ರಾಣಿಗಳ ತೊಗಲು ತುಂಬಿ ನಿಲ್ಲಿಸುತ್ತಿದ್ದ ಕಾರ್ಲ್ ಏಕ್ಲಿ 1890ರ ಸುಮಾರಿಗೆ ಅಮೆರಿಕದ ಮಿಲ್ವಾಕಿಯಲ್ಲಿ ನೀರಿಲಿಯಂಥ ಮಸ್ಕ್‌ರ‍್ಯಾಟ್‌ಗಳನ್ನು ಅವುಗಳ ಕೆರೆದಂಡೆಯ ಸಮೇತ ನಿಲ್ಲಿಸಿದ. ಅಲ್ಲಿಂದ ಹವ್ಯಾಸಿಗಳ ಮೇಜಿಗೆ ಡಯೋರಾಮಾವನ್ನು ತಂದವರಲ್ಲಿ ಶೆಪರ್ಡ್ ಪೇನ್ ಮುಖ್ಯ. ಮಾನೋಗ್ರಾಮ್ ಕಂಪನಿಯ ಮಾದರಿ ಕಿಟ್‌ಗಳ ಜೊತೆ ಬರುತ್ತಿದ್ದ ಅವನ ಡಯೋರಾಮಾ ಕರಪತ್ರಗಳು 1970ರ ದಶಕದಲ್ಲಿ ಹುಡುಗರಿಗೆ ಪಾಠವಾದವು. ಹವ್ಯಾಸಿಯ ಮೇಜಿನ ಮೇಲೆ 1:35 ಅಳತೆಯಲ್ಲಿ ಆಳೆತ್ತರದ ಸೈನಿಕ 5 ಸೆಂಟಿಮೀಟರ್. ಅವನ ಕಾಲಡಿಯ ತರಗೆಲೆ, ಎಷ್ಟೋ ಸಲ, ಒಣಗಿಸಿದ ಚಹಾ ಚರಟ.